ಹೊಸ ಮರದ ಹಳೆಯ ಗುಡಿ

'ಪುರಾಣ' ಎಂಬ ಶಬ್ದಕ್ಕೆ ನಿರುಕ್ತಕಾರನಾದ ಯಾಸ್ಕನು ಹೇಳಿರುವ ವ್ಯುತ್ಪತ್ತಿಯೊಂದುಂಟು. ಹಿಂದೊಮ್ಮೆ ಯಾವುದು ಹೊಸದಾಗಿತ್ತೋ ಅದೇ ಪುರಾಣವೆಂದು ಆತನ ಅಭಿಪ್ರಾಯ. ಪಾಠಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಮಾತನ್ನು ನಾವು ಮಕ್ಕಳಿಗೆ ಹೇಳಿಕೊಟ್ಟೆವು. ಪ್ರತಿವರ್ಷವೂ ಯಾರಾದರೊಬ್ಬ ಚುರುಕು ಹುಡುಗನು ಎದ್ದು ನಿಂತು, "ಹಾಗಾದರೆ ಲೋಕದಲ್ಲಿ ಎಲ್ಲವೂ ಪುರಾಣವೇ ಆಯಿತಲ್ಲ ಸಾರ್!" ಎನ್ನುವನು, ತರಗತಿಯೆಲ್ಲ ನಗುವುದು. ನಾವೂ ನಕ್ಕು ಮುಂದಿನ ಶಬ್ದಕ್ಕೆ ಹೋಗುತ್ತಿದ್ದೆವು. ಹಳೆಯದೆಂದರೇನು ಎಂಬುದನ್ನು ನಿಂತು ಯೋಚಿಸುವ ಸಂದರ್ಭವು ನಮಗೆ ಒದಗಿದುದು ಸಂಸ್ಕೃತದ ಗಂಧವಿರುವ ಯಾವ ಸ್ಥಳದಲ್ಲಿಯೂ ಅಲ್ಲ; ಜಪಾನು ದೇಶದ ಇಸೆ ಎಂಬ ಕ್ಷೇತ್ರದಲ್ಲಿ. ಅಲ್ಲಿಯ ದೇವಾಲಯದ ಪದ್ಧತಿಗೆ 1300 ವರ್ಷಗಳಿಗೂ ಮಿಕ್ಕಿದ ವಯಸ್ಸು. ಆದರೆ ಗರ್ಭಗೃಹದ ಕಟ್ಟಡವು ಯಾವ ಕಾಲದಲ್ಲಿ ನೋಡಿದರೂ ಹುಡುಗನ ಪ್ರಾಯದ್ದೇ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಅದೇ ಆಕಾರದ ಗುಡಿಯನ್ನು ಕಟ್ಟಿ, ದೇವತೆಯನ್ನು ಅಲ್ಲಿಗೆ ಬಿಜಯಮಾಡಿಸಿ, ಹಳೆಯದನ್ನು ಬಿಚ್ಚಿಬಿಡುವರು.

ಇಸೆಯು ಜಪಾನಿನ ಪ್ರಧಾನ ದ್ವೀಪದಲ್ಲಿ, ಮಿಯೆ ಎಂಬ ಪ್ರಾಂತದಲ್ಲಿ, ಸಮುದ್ರಕ್ಕೆ ಸಮೀಪವಾಗಿರುವ ಊರು. ಅಲ್ಲಿ ಮುಖ್ಯವಾದ ದೇವಾಲಯಗಳು ಎರಡು. ಇಸುಜು ನದಿಯ ದಡದ ಕಾಡಿನೊಳಗಿರುವುದು 'ನೈಕೂ', ಎಂದರೆ ಒಳಗಿನ ಆಲಯ. ಇಲ್ಲಿ ಸೂರ್ಯದೇವತೆಯಾದ ಅಮತೆರಸು ಓಮಿಕಾಮಿಯ ಸಾನ್ನಿಧ್ಯ. ಕೆಲವು ಮೈಲಿ ದೂರದಲ್ಲಿ, ಊರಿನ ಮಗ್ಗುಲಲ್ಲಿರುವುದು 'ಗೆಕೂ', ಹೊರಗಿನ ಆಲಯ. ಇಲ್ಲಿರುವವಳು ಅನ್ನಪಾನಗಳ ಅಧಿದೇವತೆಯಾದ ತೊಯೊಉಕೆ ಓಮಿಕಾಮಿ. ಇವೆರಡಕ್ಕೆ ಅಂಗವಾದ ಸಣ್ಣ ಗುಡಿಗಳನ್ನೂ ಸೇರಿಸಿದರೆ ಒಟ್ಟು 125 ಆಗುವುವು.

ಸೂರ್ಯನು ಸ್ತ್ರೀಯೆಂಬುದು ನಮ್ಮವರಿಗೆ ಮೊದಲು ವಿಚಿತ್ರವಾಗಿ ಕಾಣುವುದು ಸಹಜ. ಅವಳ ಕಥೆಯು ಜಪಾನಿನ ಅತಿ ಹಳೆಯ ಗ್ರಂಥಗಳಾದ 712ರ 'ಕೊಜಿಕಿ', 720ರ 'ನಿಹೊನ್ ಶೊಕಿ' ಎಂಬಿವುಗಳಲ್ಲಿ ಇದೆ. ತಮ್ಮನಾದ ಸುಸನೊಒ ಎಂಬುವನ ಪುಂಡಾಟವನ್ನು ತಾಳಲಾರದೆ ಅವಳು ಒಂದು ಗುಹೆಯನ್ನು ಹೊಕ್ಕು ಬಂಡೆಯನ್ನು ಮುಚ್ಚಿಕೊಂಡಳಂತೆ. ಲೋಕವೆಲ್ಲ ಕತ್ತಲಾಯಿತು. ದೇವತೆಗಳು ಗುಹೆಯ ಮುಂದೆ ಕೋಳಿಗಳನ್ನು ಕೂಗಿಸಿದರು. ಮರಕ್ಕೆ ಒಂದು ಕನ್ನಡಿಯನ್ನು ತೂಗುಹಾಕಿದರು. ಒಬ್ಬ ದೇವಿಯು ನಗೆ ಬರುವಂತೆ ಕುಣಿದಳು. ಹೊರಗಿನ ನಗುವನ್ನು ಕೇಳಿ ಕುತೂಹಲದಿಂದ ಬಂಡೆಯನ್ನು ಸ್ವಲ್ಪ ಸರಿಸಿದ ಅಮತೆರಸುವನ್ನು ಕೈಹಿಡಿದು ಹೊರಕ್ಕೆ ಸೆಳೆದರು. ಮುನಿದ ಮಗುವನ್ನು ಕೋಣೆಯಿಂದ ಹೊರಕ್ಕೆ ಬರಮಾಡುವ ಉಪಾಯವು ಎಲ್ಲ ಮನೆಗಳಲ್ಲಿಯೂ ಇದೇ ಅಲ್ಲವೇ? ಆ ಕನ್ನಡಿಯೇ ಇಸೆಯಲ್ಲಿ ದೇವತೆಯ ಪ್ರತೀಕ. ಅದನ್ನು ಕಂಡವರಿಲ್ಲ, ತೋರಿಸುವ ಪದ್ಧತಿಯೂ ಇಲ್ಲ.

ಮೊದಲು ಈ ಕನ್ನಡಿಯು ಚಕ್ರವರ್ತಿಯ ಅರಮನೆಯಲ್ಲಿಯೇ ಇದ್ದಿತೆಂದೂ, ದೇವರೊಡನೆ ಒಂದೇ ಸೂರಿನ ಕೆಳಗೆ ಬಾಳಲು ಅಂಜಿದ ಸುಜಿನ್ ಚಕ್ರವರ್ತಿಯು ಅದನ್ನು ಬೇರೆ ಸ್ಥಳದಲ್ಲಿ ಇರಿಸಿದನೆಂದೂ, ಅವನ ತರುವಾಯದ ಸುಯಿನಿನ್ ಚಕ್ರವರ್ತಿಯ ಮಗಳು ಯಮತೊಹಿಮೆಯು ಯೋಗ್ಯವಾದ ನೆಲೆಯನ್ನು ಅರಸುತ್ತ ಊರೂರು ಅಲೆದು ಇಸೆಗೆ ಬಂದಾಗ, ಇಲ್ಲಿಯೇ ನಿಲ್ಲುವೆನೆಂದು ದೇವತೆಯು ನುಡಿದಳೆಂದೂ ಸ್ಥಳಪುರಾಣ. ಇದಕ್ಕೆ 2000 ವರ್ಷಗಳಾದುವೆಂದು ಭಕ್ತರು ಎಣಿಸುವರು. ಇತಿಹಾಸಜ್ಞರು ಆ ಲೆಕ್ಕವನ್ನು ಒಪ್ಪುವುದಿಲ್ಲ. ತೊಯೊಉಕೆಯ ಕಥೆಯು ನಮಗೆ ಇನ್ನೂ ಹಿಡಿಸಿತು. ಯುರ್ಯಾಕು ಚಕ್ರವರ್ತಿಯ ಕನಸಿನಲ್ಲಿ ಅಮತೆರಸು ಬಂದು, ತನಗೆ ಒಂಟಿಯಾಗಿ ಊಟ ಸೇರದೆಂದೂ, ತಂಬಾ ದೇಶದಿಂದ ತೊಯೊಉಕೆಯನ್ನು ಕರೆಸಬೇಕೆಂದೂ ಹೇಳಿದಳಂತೆ. ಸೂರ್ಯನೇ ಆದರೂ ಒಂಟಿ ಊಟವು ರುಚಿಸದೆಂಬುದನ್ನು ಕಂಡುಕೊಂಡ ಜನರು ಗೃಹಸ್ಥಧರ್ಮವನ್ನು ಬಲ್ಲವರೇ ಸರಿ.

ಕಥೆಗಳನ್ನು ಬಿಟ್ಟು ದಾಖಲೆಗೆ ಬಂದರೆ, ಪುನರ್ನಿರ್ಮಾಣದ ಕ್ರಮವನ್ನು ಗೊತ್ತುಮಾಡಿದವನು ತೆಮ್ಮು ಚಕ್ರವರ್ತಿಯೆಂದೂ, ಅವನ ಅನಂತರ ಪಟ್ಟವನ್ನೇರಿದ ಅವನ ರಾಣಿ ಜಿತೋ ಎಂಬಾಕೆಯ ಕಾಲದಲ್ಲಿ, 690ರಲ್ಲಿ ನೈಕೂವಿಗೂ 692ರಲ್ಲಿ ಗೆಕೂವಿಗೂ ಮೊದಲನೆಯ ಸಲ ಅದು ನಡೆಯಿತೆಂದೂ ಹೇಳುವರು. ಇದಕ್ಕೆ 'ಷಿಕಿನೆನ್ ಸೆಂಗೂ' ಎಂದು ಹೆಸರು. 2013ರಲ್ಲಿ ನಡೆದುದು 62ನೆಯದು. ಇಪ್ಪತ್ತೇ ವರ್ಷ ಏತಕ್ಕೆಂಬುದಕ್ಕೆ ಹಳೆಯ ವಿಧಿಗ್ರಂಥಗಳು ಕಾರಣವನ್ನು ಕೊಟ್ಟಿಲ್ಲ. ಅಲ್ಲಿ ಕಂಬಗಳಿಗೆ ಕಲ್ಲಿನ ಪೀಠವಿಲ್ಲ, ನೆಲದಲ್ಲಿಯೇ ಹೂಳುವರು. ಮಾಡಿಗೆ ಹುಲ್ಲಿನ ಹೊದಿಕೆ. ಮರಕ್ಕೆ ಬಣ್ಣವಿಲ್ಲ, ಎಣ್ಣೆಯಿಲ್ಲ. ಮಳೆ ಹೆಚ್ಚಾದ ಆ ನಾಡಿನಲ್ಲಿ ಇಂಥ ಕಟ್ಟಡವು ಎಷ್ಟು ಕಾಲ ಅಚ್ಚುಕಟ್ಟಾಗಿ ನಿಂತೀತು? ಇದೊಂದು ಊಹೆ. ಇನ್ನೊಂದು ಊಹೆಯು ನಮ್ಮಂಥ ಉಪಾಧ್ಯಾಯರಿಗೆ ಪ್ರಿಯವಾದುದು: ಇಪ್ಪತ್ತು ವರ್ಷದವನಾಗಿ ಒಮ್ಮೆ ಸುತ್ತಿಗೆ ಹಿಡಿದು ಕಲಿತವನು, ನಲವತ್ತರಲ್ಲಿ ಮುಂದೆ ನಿಂತು ಕಟ್ಟುವನು, ಅರವತ್ತರಲ್ಲಿ ಬದಿಗೆ ಕುಳಿತು ಕಟ್ಟಿಸುವನು. ಮೂವತ್ತು ನಲವತ್ತು ವರ್ಷಗಳ ಅಂತರವಾದರೆ ಈ ಸರಪಣಿಯ ಕೊಂಡಿಯು ಕಳಚೀತು.

ಗುಡಿಯ ಆಕಾರವು ನಮ್ಮ ಕಣ್ಣಿಗೆ ದೇವಸ್ಥಾನದಂತೆ ಕಾಣುವುದಿಲ್ಲ. ನೆಲದಿಂದ ಎತ್ತರಿಸಿ ಕಂಬಗಳ ಮೇಲೆ ನಿಲ್ಲಿಸಿದ ಮರದ ಮನೆ; ಪೂರ್ವಕಾಲದ ಭತ್ತದ ಕಣಜದಿಂದ ಹುಟ್ಟಿದ ರೂಪವೆಂದು ಶಿಲ್ಪವನ್ನು ಬಲ್ಲವರು ಹೇಳುವರು. ಮಾಡಿನ ಎರಡು ಕೊನೆಗಳಲ್ಲಿಯೂ ಕತ್ತರಿಯ ಅಲಗಿನಂತೆ ಆಕಾಶಕ್ಕೆ ಚಾಚಿದ ತೊಲೆಗಳು; ನೆತ್ತಿಯ ಮೇಲೆ ಅಡ್ಡಲಾಗಿ ಸಾಲಿಟ್ಟ ದುಂಡು ಮರಗಳು, ನೈಕೂವಿನಲ್ಲಿ 10, ಗೆಕೂವಿನಲ್ಲಿ 9. ಎಲ್ಲಕ್ಕೂ ಹಿನೊಕಿ ಎಂಬ ಸುಗಂಧದ ಮರವೇ. ನಮ್ಮ ಹೊಯ್ಸಳರ ಗುಡಿಗಳ ಕೆತ್ತನೆಯನ್ನು ನೋಡಿ ಬೆಳೆದವರಿಗೆ, ಬೆರಳಿಡಲು ಒಂದು ಬಳ್ಳಿಯ ಚಿತ್ರವೂ ಇಲ್ಲದ ಆ ಬರಿಯ ಮರವು ಬಡತನವೆಂದು ತೋರೀತು. ನಮಗೂ ಮೊದಮೊದಲು ಹಾಗೆಯೇ ತೋರಿತು.

ಜಪಾನಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನ ಮನೆಯಲ್ಲಿ ಕೆಲವು ಕಾಲ ಇದ್ದಾಗ ಅಲ್ಲಿಗೆ ಹೋಗಿದ್ದೆವು. ಇಸುಜು ನದಿಗೆ ಅಡ್ಡಲಾಗಿ ಉಜಿ ಎಂಬ ಮರದ ಸೇತುವೆ, ನೂರು ಮೀಟರಿಗೆ ಸ್ವಲ್ಪ ಹೆಚ್ಚಾದ ಉದ್ದ. ಅದನ್ನು ದಾಟಿ, ನದಿಯ ನೀರಿನಲ್ಲಿ ಕೈತೊಳೆದು, ಮುಗಿಲು ಮುಟ್ಟುವ ಮರಗಳ ನಡುವೆ ಹರಳುಗಲ್ಲಿನ ದಾರಿಯಲ್ಲಿ ನಡೆಯಬೇಕು. ಕೊನೆಗೆ ಕಲ್ಲಿನ ಮೆಟ್ಟಿಲುಗಳನ್ನೇರಿದರೆ ಒಂದು ಬಾಗಿಲು, ಅದಕ್ಕೆ ಬಿಳಿಯ ಪರದೆ. ಅಲ್ಲಿಗೆ ಮುಗಿಯಿತು. ಗುಡಿಯು ಅನೇಕ ಬೇಲಿಗಳ ಒಳಗಿದೆ. ಸಾಮಾನ್ಯ ಯಾತ್ರಿಕನಿಗೆ ಮಾಡಿನ ನೆತ್ತಿಯಷ್ಟೇ ಕಾಣುವುದು. ಗಾಳಿ ಬೀಸಿದಾಗ ಪರದೆಯು ಒಂದಿಷ್ಟು ಮೇಲೆದ್ದಿತು, ಅಂಗಳದ ಬಿಳಿಯ ಕಲ್ಲು ಕಂಡಿತು, ಮತ್ತೆ ಮುಚ್ಚಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ವೃದ್ಧೆಯೊಬ್ಬಳು ಎರಡು ಸಲ ಬಾಗಿ, ಎರಡು ಸಲ ಕೈ ತಟ್ಟಿ, ಮತ್ತೊಮ್ಮೆ ಬಾಗಿ ಹೊರಟುಹೋದಳು. ನಮ್ಮ ಮನೆಯವರು, "ಇಷ್ಟು ದೂರ ಬಂದು ಪರದೆಯ ದರ್ಶನವಾಯಿತು" ಎಂದರು.

ಆದರೆ ಇಳಿದು ಬರುವಾಗ ಕಂಡುದೊಂದು ನಮ್ಮ ಮನಸ್ಸನ್ನು ಹಿಡಿಯಿತು. ಗುಡಿಯ ಮಗ್ಗುಲಲ್ಲಿಯೇ ಅಷ್ಟೇ ವಿಸ್ತಾರವಾದ ಬರಿಯ ನಿವೇಶನ. ಅದರ ಮಧ್ಯದಲ್ಲಿ ನಮ್ಮ ತುಳಸೀಕಟ್ಟೆಗಿಂತ ತುಸು ದೊಡ್ಡದಾದ ಒಂದು ಮರದ ಗೂಡು; ಗುಡಿಯ ನಡುಗಂಬದ ಸ್ಥಾನವನ್ನು ಅದು ಕಾಯುತ್ತಿರುವುದಂತೆ. ಹಿಂದೆ ಗುಡಿಯಿದ್ದ ಸ್ಥಳ ಅದೇ, ಮುಂದೆ ಗುಡಿಯಾಗುವ ಸ್ಥಳವೂ ಅದೇ. ಬಯಲನ್ನು ಇಷ್ಟು ಮರ್ಯಾದೆಯಿಂದ ಇಟ್ಟುಕೊಂಡುದನ್ನು ನಾವು ಬೇರೆಲ್ಲಿಯೂ ಕಾಣೆವು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದುದು ಪುರಿಯ ಜಗನ್ನಾಥನ ನವಕಳೇಬರ. ಅಧಿಕ ಆಷಾಢವು ಬಂದ ವರ್ಷದಲ್ಲಿ, 1996ರಲ್ಲಿ ಹಾಗೂ 2015ರಲ್ಲಿ ಆದಂತೆ, ಬೇವಿನ ಮರದಿಂದ ಹೊಸ ವಿಗ್ರಹಗಳಾಗುವುವು. ಪುರಿಯಲ್ಲಿ ಗುಡಿಯು ನಿಂತು ದೇವರ ಮೈ ಬದಲಾಗುವುದು. ಇಸೆಯಲ್ಲಿ ದೇವರು ನಿಂತು ಮನೆ ಬದಲಾಗುವುದು.

ನಿತ್ಯಪೂಜೆಯ ವಿಷಯವನ್ನು ವಿಚಾರಿಸಿದಾಗ ನಾವು ಬೆರಗಾದೆವು. ಗೆಕೂವಿನಲ್ಲಿ ದಿನಕ್ಕೆ ಎರಡು ಹೊತ್ತು ದೇವತೆಗಳಿಗೆ ನೈವೇದ್ಯವುಂಟು: ಅನ್ನ, ನೀರು, ಉಪ್ಪು, ಮೀನು, ಕಡಲಪಾಚಿ, ತರಕಾರಿ, ಹಣ್ಣು, ಅಕ್ಕಿಯ ಮದ್ಯ. ಅರ್ಚಕರು ಹಿಂದಿನ ರಾತ್ರಿಯೇ ಬಂದು ಮಡಿಯಲ್ಲಿರುವರು. ಅಕ್ಕಿಯು ದೇವರ ಗದ್ದೆಯದು; ಉಪ್ಪನ್ನು ಫುತಮಿ ಎಂಬಲ್ಲಿ ದೇವಸ್ಥಾನದವರೇ ಕಾಸುವರು; ನೀರಿಗೆ ಪ್ರತ್ಯೇಕವಾದ ಬಾವಿ. ಬೆಂಕಿಯನ್ನೋ, ಕಡ್ಡಿ ಗೀರಿ ಹೊತ್ತಿಸುವಂತಿಲ್ಲ. ಹಿನೊಕಿಯ ಹಲಗೆಯ ಮೇಲೆ ಮರದ ಕೋಲನ್ನು ತಿರುಗಿಸಿ, ಕಡೆದು ಎಬ್ಬಿಸಬೇಕು. ಇದು ನಮ್ಮ ಶ್ರೌತಿಗಳ ಅರಣೀಮಥನವಲ್ಲದೆ ಮತ್ತೇನು? ಬಾಲ್ಯದಲ್ಲಿ ಒಂದು ಯಾಗಶಾಲೆಯಲ್ಲಿ ಅಶ್ವತ್ಥದ ಅರಣಿಯಿಂದ ಮೊದಲು ಹೊಗೆ, ಆಮೇಲೆ ಕಿಡಿ ಬಂದುದನ್ನು ನಮ್ಮ ತಂದೆಯವರ ಹೆಗಲ ಮೇಲೆ ಕುಳಿತು ನೋಡಿದ ನೆನಪಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಲು ನಾವು ಹೊರಟಿಲ್ಲ. ಅಂಥ ಸಾಧನೆಗಳಲ್ಲಿ ನಮ್ಮ ಸಂಸ್ಕೃತಜ್ಞರಿಗೆ ಉತ್ಸಾಹವು ಸ್ವಲ್ಪ ಹೆಚ್ಚು. ಬೆಂಕಿಯು ಶುದ್ಧವಾಗಿರಬೇಕಾದರೆ ಅದು ಆಗತಾನೆ ಹುಟ್ಟಿರಬೇಕೆಂದು ಇಬ್ಬರಿಗೂ ತೋರಿತು, ಅಷ್ಟೆ.

ಭಾರತದ ಸಂಬಂಧವು ಇಸೆಗೆ ನಿಜವಾಗಿ ಬಂದುದು ಬೌದ್ಧಧರ್ಮದ ಮೂಲಕ. ಅದರ ಕಥೆಯು ಸ್ವಾರಸ್ಯವಾಗಿದೆ. ಚಕ್ರವರ್ತಿಯ ಪರವಾಗಿ ಇಸೆಯ ದೇವತೆಯನ್ನು ಸೇವಿಸಲು ರಾಜವಂಶದ ಕನ್ಯೆಯೊಬ್ಬಳನ್ನು ಕಳುಹಿಸುವ ಪದ್ಧತಿಯು 14ನೆಯ ಶತಮಾನದವರೆಗೆ ನಡೆದುಬಂದಿತ್ತು. ಅವಳ ಬಿಡಾರದಲ್ಲಿ ಕೆಲವು ಮಾತುಗಳನ್ನು ಆಡಲೇಕೂಡದು. ಅವುಗಳ ಪಟ್ಟಿಯು 927ರಲ್ಲಿ ಮುಗಿದ 'ಎಂಗಿಷಿಕಿ' ಎಂಬ ವಿಧಿಸಂಗ್ರಹದಲ್ಲಿದೆ. ಸತ್ತರೆ 'ವಾಸಿಯಾಯಿತು' ಎನ್ನಬೇಕು. ರೋಗವನ್ನು 'ವಿಶ್ರಾಂತಿ' ಎನ್ನಬೇಕು. ರಕ್ತಕ್ಕೆ 'ಬೆವರು', ಮಾಂಸಕ್ಕೆ 'ಅಣಬೆ'. ದೀಪವು ಆರಿದರೆ 'ದೊಡ್ಡದಾಯಿತು' ಎನ್ನುವ, ರಾತ್ರಿಯಲ್ಲಿ ಹಾವನ್ನು 'ಹುಳ' ಎನ್ನುವ ನಮ್ಮ ಹೆಂಗಸರು ಇದನ್ನು ಕೇಳಿದರೆ ಆಶ್ಚರ್ಯಪಡಲಾರರು. ಆ ಪಟ್ಟಿಯಲ್ಲಿಯೇ ಬೌದ್ಧರ ಶಬ್ದಗಳೂ ಇವೆ. ಬುದ್ಧನು 'ನಡುವಿನವನು', ಸೂತ್ರಗ್ರಂಥವು 'ಬಣ್ಣದ ಕಾಗದ', ವಿಹಾರವು 'ಹೆಂಚಿನ ಮನೆ', ತಲೆಬೋಳಿಸಿದ ಭಿಕ್ಷುವು, ವಿಪರೀತಲಕ್ಷಣೆಯಿಂದ, 'ಉದ್ದಕೂದಲಿನವನು'! ನಮ್ಮ ಅಲಂಕಾರಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕದು. ಕಾಲಕ್ರಮದಲ್ಲಿ ಈ ಬಿಗಿಯು ಸಡಿಲಿತು. ಮಧ್ಯಯುಗದ ಮಂತ್ರಯಾನದ ಪಂಡಿತರು ಅಮತೆರಸುವನ್ನು ಮಹಾವೈರೋಚನನೆಂದೂ, ಎರಡು ಆಲಯಗಳನ್ನು ಗರ್ಭಧಾತು ವಜ್ರಧಾತು ಮಂಡಲಗಳೆಂದೂ ಅರ್ಥಮಾಡಿದರು. 1868ರಲ್ಲಿ ಹೊಸ ಸರಕಾರವು ಆಜ್ಞೆಯ ಮೂಲಕ ಎರಡು ಧರ್ಮಗಳನ್ನೂ ಬೇರ್ಪಡಿಸುವವರೆಗೆ ಇಂಥ ಬೆಸುಗೆಯು ಜಪಾನಿನಲ್ಲೆಲ್ಲ ಇತ್ತು.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ಮಾತು. 'ಎಡೆಬಿಡದೆ ನಡೆದುಬಂದ ಸಂಪ್ರದಾಯ' ಎಂದು ಇಸೆಯನ್ನು ಹೊಗಳುವವರು ಬಹಳ. ಅದು ನಿಜವಲ್ಲ. ದೇಶದಲ್ಲಿ ಸಾಮಂತರ ಕಾಳಗವು ಮೇಲೆದ್ದು ಅರಮನೆಯ ಬೊಕ್ಕಸವು ಬರಿದಾದಾಗ ಗುಡಿ ಕಟ್ಟುವ ಕೆಲಸವು ನಿಂತುಹೋಯಿತು. ನೈಕೂವಿನಲ್ಲಿ 1462ರ ತರುವಾಯ 1585ರವರೆಗೆ, ಗೆಕೂವಿನಲ್ಲಿ 1434ರ ತರುವಾಯ 1563ರವರೆಗೆ ಪುನರ್ನಿರ್ಮಾಣವಾಗಲಿಲ್ಲ. ಇಪ್ಪತ್ತು ವರ್ಷದ ಗುಡಿಯು 120 ವರ್ಷಗಳಿಗೂ ಹೆಚ್ಚು ಕಾಲ ಮಳೆಯಲ್ಲಿ ನಿಂತರೆ ಉಳಿಯುವುದೇನು? ತಾತ್ಕಾಲಿಕ ದುರಸ್ತಿಗಳು ಆದುವು. ಮೊದಲಿನ ಉತ್ಸವವನ್ನು ಕಣ್ಣಾರೆ ಕಂಡವನ ಮೊಮ್ಮಗನೂ ತೀರಿಹೋಗಿರುವಷ್ಟು ಕಾಲ ಅದು.

ಆಗ ಮುಂದೆ ಬಂದವರು ಯಾರು? ಇಸೆಯಲ್ಲಿದ್ದ ಕೇಕೋಇನ್ ಎಂಬ ಬೌದ್ಧಮಠದ ಭಿಕ್ಷುಣಿಯರು. ಸೇಜುನ್ ಎಂಬಾಕೆಯು ದೇಶದಲ್ಲಿ ಸಂಚರಿಸಿ ಭಿಕ್ಷೆಯೆತ್ತಿ ಹಣವನ್ನು ಕೂಡಿಸಿದುದರಿಂದ 1563ರಲ್ಲಿ ಗೆಕೂ ಮತ್ತೆ ಎದ್ದಿತು. ಅವಳ ಸ್ಥಾನಕ್ಕೆ ಬಂದ ಷುಯೋ ಎಂಬಾಕೆಯ ಶ್ರಮದಿಂದ, ಒಡ ನೊಬುನಗ ಮತ್ತು ತೊಯೊತೊಮಿ ಹಿದೆಯೊಷಿ ಎಂಬ ಪ್ರಬಲರ ಕಾಣಿಕೆಯೂ ಒದಗಿ, 1585ರಲ್ಲಿ ಎರಡು ಆಲಯಗಳಿಗೂ ಹೊಸ ಕಟ್ಟಡವಾಯಿತು. ವಾಚಕರು ಮೇಲಿನ ಪಟ್ಟಿಯನ್ನು ನೆನಪಿಗೆ ತಂದುಕೊಳ್ಳಬೇಕು. ಯಾರ ಹೆಸರನ್ನು ಅಲ್ಲಿ ಎತ್ತುವುದೇ ಮೈಲಿಗೆಯಾಗಿತ್ತೋ ಆ 'ಉದ್ದಕೂದಲಿನವರು' ಬೇಡಿ ತಂದ ಕಾಸಿನಿಂದ ಸೂರ್ಯದೇವತೆಗೆ ಮತ್ತೆ ಮನೆಯಾಯಿತು. ಇಸೆಯನ್ನು ಕುರಿತು ನಾವು ಓದಿದ ವಿಷಯಗಳಲ್ಲೆಲ್ಲ ನಮಗೆ ಇದೇ ಹಿರಿದಾಗಿ ಕಾಣುತ್ತದೆ.

ಹೇಗೆ ಕಟ್ಟಬೇಕೆಂಬುದು ಅವರಿಗೆ ಹೇಗೆ ತಿಳಿಯಿತು? 804ರಷ್ಟು ಹಿಂದೆಯೇ ಎರಡು ಆಲಯಗಳ ವಿಧಿಗಳನ್ನೂ ಅಳತೆಗಳನ್ನೂ ಬರೆದಿಟ್ಟಿದ್ದರು. ಅನಂತರದ ದಾಖಲೆಗಳೂ ಇದ್ದುವು. ಆದರೂ ವಿರಾಮದ ಬಳಿಕ ಕಟ್ಟಿದಾಗ ಪ್ರಾಕಾರದ ವಿನ್ಯಾಸವು ಮೊದಲಿನಂತಾಗಲಿಲ್ಲ. 19ನೆಯ ಶತಮಾನದ ಕೊನೆಗೆ ಹಳೆಯ ಬರಹಗಳನ್ನು ಶೋಧಿಸಿ ತಿದ್ದಿದರು. ಗ್ರಂಥದಿಂದ ಬಹಳ ಉಳಿಯುವುದು, ಎಲ್ಲವೂ ಉಳಿಯದು. ಇದನ್ನು ಬರೆಯುವಾಗ ನಮಗೆ ಸ್ವಂತದ ಒಂದು ನೋವುಂಟು. ನಮ್ಮ ಮನೆತನದಲ್ಲಿ ವೇದಾಧ್ಯಯನವು ಬಾಯಿಂದ ಬಾಯಿಗೆ ಬಂದುದು. ಅಜ್ಜನವರಿಗೆ ಶಾಖೆಯೆಲ್ಲ ಬರುತ್ತಿತ್ತು, ತಂದೆಯವರಿಗೆ ಅರ್ಧ, ನಮಗೆ ಕೆಲವು ಸೂಕ್ತಗಳು. ಮಗನಿಗೆ ಸಂಧ್ಯಾವಂದನೆಯಷ್ಟೆ. ಪುಸ್ತಕಗಳು ಬೀರುವಿನಲ್ಲಿವೆ, ಸ್ವರದ ಗೆರೆಗಳೂ ಅಚ್ಚಾಗಿವೆ. ಅವುಗಳನ್ನು ನೋಡಿದಾಗಲೆಲ್ಲ ಇಸೆಯ ಆ 120 ವರ್ಷಗಳು ನೆನಪಾಗುವುವು. ನಮ್ಮ ಮೊಮ್ಮಗಳಿಗೆ ಈಗ ಎಂಟು ವರ್ಷ. ಅವಳು ಕೇಳಿದುದನ್ನು ಹಾಗೆಯೇ ಒಪ್ಪಿಸುವ ಕಿವಿಯುಳ್ಳವಳು. ಈ ರಜೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಆರಂಭಿಸಿದ್ದೇವೆ. ಹೆಣ್ಣುಮಗುವಿಗೆ ಇದೇಕೆಂದು ನೆಂಟರಲ್ಲಿ ಕೆಲವರು ಮೂಗುಮುರಿದರು. ಅವರಿಗೆ ಸೇಜುನಳ ಕಥೆಯನ್ನು ಹೇಳಿದೆವು.

ಕಟ್ಟುವವರಷ್ಟೇ ಅಲ್ಲದೆ ನಡೆದು ಬರುವವರೂ ಇಸೆಯನ್ನು ಉಳಿಸಿದರು. 17ನೆಯ ಶತಮಾನದಿಂದೀಚೆಗೆ ಅರವತ್ತು ವರ್ಷಗಳಿಗೊಮ್ಮೆ ಎಂಬಂತೆ, 1650, 1705, 1771, 1830ರಲ್ಲಿ, ದೇಶಕ್ಕೆ ದೇಶವೇ ಇಸೆಯ ಕಡೆಗೆ ಹೊರಟಿತು. 1830ರಲ್ಲಿ ಬಂದವರು 40 ಲಕ್ಷಕ್ಕೂ ಮೇಲೆಂದು ಹೇಳುವರು. ಆಳುಗಳು ಒಡೆಯನಿಗೆ ಹೇಳದೆ, ಮಕ್ಕಳು ತಾಯಿತಂದೆಗಳಿಗೆ ತಿಳಿಸದೆ ಓಡಿಬಂದರು. ದಾರಿಯ ಊರಿನವರು ಅನ್ನವಿಟ್ಟರು. ತಾವು ಹೋಗಲಾಗದವರು ಮನೆಯ ನಾಯಿಯ ಕೊರಳಿಗೆ ಕಾಸನ್ನೂ ಚೀಟಿಯನ್ನೂ ಕಟ್ಟಿ ಕಳುಹಿಸುತ್ತಿದ್ದರಂತೆ. ಯಾತ್ರಿಕರ ಕೈಯಿಂದ ಕೈಗೆ ಸಾಗಿ ಅದು ಪ್ರಸಾದದೊಡನೆ ಹಿಂದಿರುಗುತ್ತಿತ್ತು. ಧರ್ಮರಾಯನ ನಾಯಿಯು ಸ್ವರ್ಗದ ಬಾಗಿಲವರೆಗೆ ಹೋದುದನ್ನು ನಂಬುವ ನಾವು ಇದನ್ನು ನಂಬಲು ಕಷ್ಟವೇನು?

ಅನಂತರ ಬಂದ ಕಾಲವು ಅಷ್ಟು ಸೌಮ್ಯವಲ್ಲ. 1868ರ ಬಳಿಕ ಸರಕಾರವು ಇಸೆಯನ್ನು ರಾಜ್ಯದ ಪ್ರಧಾನ ಆಲಯವನ್ನಾಗಿ ಮಾಡಿಕೊಂಡಿತು. ದೇವತೆಯ ಹೆಸರು ಯುದ್ಧದ ಕೂಗಿನೊಡನೆ ಸೇರಿತು. 1945ರ ಡಿಸೆಂಬರಿನಲ್ಲಿ ಗೆದ್ದ ರಾಷ್ಟ್ರಗಳ ಆಜ್ಞೆಯಿಂದ ದೇವಾಲಯಗಳಿಗೂ ಸರಕಾರಕ್ಕೂ ಸಂಬಂಧವು ಕಡಿಯಿತು. 1949ಕ್ಕೆ ಬರಬೇಕಾಗಿದ್ದ ನಿರ್ಮಾಣವು ನಡೆಯಲಿಲ್ಲ. ಆದರೆ ಉಜಿ ಸೇತುವೆಯನ್ನು ಮಾತ್ರ ಆ ವರ್ಷವೇ ಹೊಸದಾಗಿ ಕಟ್ಟಿದರು. ಗುಡಿಗಳು 1953ರಲ್ಲಿ ಎದ್ದುವು, ಜನರ ಕಾಣಿಕೆಯಿಂದ. ಹೊಟ್ಟೆಗಿಲ್ಲದ ಕಾಲದಲ್ಲಿ ದೇವರ ಮನೆಗೆ ಕೊಟ್ಟರಲ್ಲ ಎಂದು ಕೆಲವರು ಆಡಿಕೊಳ್ಳಬಹುದು. ಸರಕಾರವು ಬಲವಂತಮಾಡದಿದ್ದಾಗ ಕೊಟ್ಟರೆಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ.

2013ರ ಅಕ್ಟೋಬರ್ 2ರ ರಾತ್ರಿ ನೈಕೂವಿನಲ್ಲಿ ದೀಪಗಳನ್ನೆಲ್ಲ ಆರಿಸಿ, ಕೋಳಿಯ ಕೂಗನ್ನು ಮೂರು ಬಾರಿ ಕೂಗಿ, ಬಿಳಿಯ ರೇಷ್ಮೆಯ ತೆರೆಯ ಮರೆಯಲ್ಲಿ ದೇವತೆಯನ್ನು ಹೊಸ ಮನೆಗೆ ಕೊಂಡೊಯ್ದರು. ಅವಳೊಡನೆ ಉಡುಪು, ಆಯುಧ, ಮಗ್ಗ, ವಾದ್ಯ ಮೊದಲಾದ 714 ಬಗೆಯ 1576 ವಸ್ತುಗಳೂ ಹೊಸವಾಗಿಯೇ ಆಗಬೇಕು. ಒಂದು ಖಡ್ಗದ ಹಿಡಿಗೆ 'ತೊಕಿ' ಎಂಬ ಹಕ್ಕಿಯ ಗರಿಯು ಬೇಕು. ಜಪಾನಿನಲ್ಲಿಯೇ ಹುಟ್ಟಿದ ಕೊನೆಯ ತೊಕಿಯು 2003ರಲ್ಲಿ ಸತ್ತಿತು. ಚೀನಾದಿಂದ ತಂದ ಹಕ್ಕಿಗಳ ಸಂತತಿಯನ್ನು ಈಗ ಮತ್ತೆ ಕಾಡಿಗೆ ಬಿಟ್ಟು ಬೆಳೆಸುತ್ತಿದ್ದಾರೆ.

ಬಿಚ್ಚಿದ ಮರವನ್ನು ಎಸೆಯುವುದಿಲ್ಲ. ಗುಡಿಯ ನೆತ್ತಿಯ ತೊಲೆಯನ್ನು ಹೊತ್ತ ಕಂಬಗಳು ಉಜಿ ಸೇತುವೆಯ ಎರಡು ತುದಿಗಳಲ್ಲಿ ತೋರಣದಂಥ ಹೆಬ್ಬಾಗಿಲುಗಳಾಗಿ ಇಪ್ಪತ್ತು ವರ್ಷ ನಿಲ್ಲುವುವು; ಅಲ್ಲಿಂದ ಸೆಕಿ, ಕುವನ ಎಂಬ ಊರುಗಳ ಹೆಬ್ಬಾಗಿಲುಗಳಾಗಿ ಮತ್ತೆ ಇಪ್ಪತ್ತು ವರ್ಷ. ಅಲ್ಲಿಗೆ ಅವುಗಳಿಗೂ ಷಷ್ಟಿಪೂರ್ತಿ. ನಿವೃತ್ತನಾದ ಮೇಷ್ಟರಿಗೆ ಇದನ್ನು ಕೇಳಿ ಸ್ವಲ್ಪ ಧೈರ್ಯ ಬಂದಿತೆಂದರೆ ಮನೆಯಲ್ಲಿ ನಗುತ್ತಾರೆ. ಉಳಿದ ಮರವು ದೇಶದ ಬೇರೆ ಬೇರೆ ಗುಡಿಗಳಿಗೆ ಹೋಗುವುದು. 1995ರ ಭೂಕಂಪದಲ್ಲಿ ಹಾಳಾದ ಕೋಬೆಯ ಗುಡಿಗೂ ಇಸೆಯ ಮರವು ಹೋಗಿದೆ.

ಪ್ರತಿಸಲವೂ ಹತ್ತುಸಾವಿರ ಮರಗಳಷ್ಟು ಬೇಕಾಗುವುದೆಂದು ಲೆಕ್ಕ. ಇಸೆಯ ಕಾಡು ಹಿಂದೆಯೇ ತೀರಿ, ಬಹುಕಾಲದಿಂದ ಮರವು ದೂರದ ಕಿಸೊ ಬೆಟ್ಟಗಳಿಂದ ಬರುತ್ತಿದೆ. 1923ರಲ್ಲಿ ದೇವಸ್ಥಾನದ ಕಾಡನ್ನು ನೋಡಿಕೊಳ್ಳುವವರು ಒಂದು ಯೋಜನೆಯನ್ನು ಹಾಕಿ, ಹಿನೊಕಿಯ ಸಸಿಗಳನ್ನು ನೆಡತೊಡಗಿದರು. ಅವು ದೊಡ್ಡ ಕಂಬಗಳಾಗಲು 200 ವರ್ಷ ಬೇಕು. ನೆಟ್ಟವರು, ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಅದರ ಪೂರ್ಣಫಲವನ್ನು ನೋಡುವಂತಿಲ್ಲ. ಆದರೂ ತೆಳುವುಮಾಡಲೆಂದು ಕಡಿದ ಸಣ್ಣ ಮರಗಳು 2013ರಲ್ಲಿಯೇ ಒದಗಿ, ಬೇಕಾದುದರಲ್ಲಿ ಸುಮಾರು ಕಾಲುಪಾಲು ಸ್ವಂತ ಕಾಡಿನಿಂದಲೇ ಬಂದಿತು.

ಮುಂದಿನದು 2033ಕ್ಕೆ. ಅದರ ವಿಧಿಗಳು 2025ರ ಮೇ ತಿಂಗಳಲ್ಲಿ ಆರಂಭವಾಗಿ, ಜೂನಿನಲ್ಲಿ ಕಿಸೊ ಕಾಡಿನಲ್ಲಿ ಮೊದಲ ಮರಗಳನ್ನು ಕಡಿದರು. ಗರಗಸವಿಲ್ಲ, ಕೊಡಲಿಯೇ. ಬುಡಕ್ಕೆ ಮೂರು ಕಡೆಗಳಿಂದ ಏಟು ಹಾಕಿ, ಕೊನೆಗೆ ಮೂರು ಎಳೆಗಳಷ್ಟೇ ಉಳಿದಾಗ ಅವುಗಳಲ್ಲೊಂದನ್ನು ಕಡಿಯುವರು. ಮರವು ಬೇಕಾದ ದಿಕ್ಕಿಗೆ ಸೀಳದೆ ಒರಗುವುದು. ಹಳಬರು ಹತ್ತಿರ ನಿಂತು ಹೊಸಬರಿಗೆ ಕಲಿಸಿದ ಕೆಲಸ ಅದು. ಮರವು ಬಿದ್ದ ಮೇಲೆ ಅದರ ತುದಿಯ ಒಂದು ಚಿಗುರುಗೊಂಬೆಯನ್ನು ಮುರಿದು, ಕಡಿದ ಬುಡದ ನಡುವೆ ನೆಟ್ಟು, ಕೈಮುಗಿದು ಬರುವುದು ಅವರ ಪದ್ಧತಿ.